ಶಹಾಬಾದ್, ಕಡಪಾ, ಕೋಟಾ: ಒಂದೇ ಮನೆಯಲ್ಲಿ ಮೂರು ಊರಿನ ಕಲ್ಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಶಹಾಬಾದ್ ಕಲ್ಲಿಗೆ. ವಿಜಯಪುರದಲ್ಲಿ ನಾವು ಮನೆ ಕಟ್ಟಿ ಆರು ವರ್ಷವಾಯಿತು. ಅಂಗಳ, ಹಿತ್ತಲು, ಬಚ್ಚಲಿಗೆ ಶಹಾಬಾದ್ ಹಾಸಿದೆವು. ಪಡಸಾಲೆಗೆ ಕೋಟಾ, ಅಡುಗೆ ಕಟ್ಟೆಗೆ ಕಡಪಾ. ಈಗ ಮಹಡಿ ಮೇಲೆ ಇನ್ನೊಂದು ಕೋಣೆ ಏಳುತ್ತಿದೆ. ಯಾವ ಕಲ್ಲು ಹಾಕಿಸೋಣ ಅಂತ ಈ ಸಲ ಮನೆಯಲ್ಲಿ ಮಾತೇ ಬರಲಿಲ್ಲ.

ನನ್ನನ್ನು ಸೋಲಿಸಿದ್ದು ಕಡಪಾ. ಅಂಗಡಿಯಲ್ಲಿ ಪಾಲಿಶ್ ಮಾಡಿದ ಕಪ್ಪು ಹಲಗೆ ಕನ್ನಡಿಯಂತೆ ಹೊಳೆಯುತ್ತಿತ್ತು. "ಗ್ರಾನೈಟ್ ಇದ್ದಂಗ ಐತ್ರಿ, ಏನೂ ಆಗಂಗಿಲ್ರಿ" ಅಂದರು. ನಂಬಿದೆ. ರೊಟ್ಟಿ ಬಡಿಯಲು ಅವ್ವನಿಗೂ ಕಟ್ಟೆ ಹಿಡಿಸಿತು. ತಣ್ಣಗೆ, ನುಣ್ಣಗೆ, ಹಿಟ್ಟು ಅಂಟುವುದಿಲ್ಲ.

ಆ ವರ್ಷವೇ ಇಂಡಿ ಕಡೆಯಿಂದ ಒಂದು ಚೀಲ ನಿಂಬೆಹಣ್ಣು ಬಂತು. ಉಪ್ಪಿನಕಾಯಿಗೆ ಅಂತ ಕಟ್ಟೆ ಮೇಲೆಯೇ ಹೆಚ್ಚಿದೆವು. ಹೆಚ್ಚಿದ ಹೋಳುಗಳನ್ನು ಬೋರಲಾಗಿ ಇಟ್ಟು ಊಟಕ್ಕೆ ಎದ್ದೆವು. ಬಂದು ಒರೆಸಿದರೆ ರೂಪಾಯಿ ನಾಣ್ಯದಷ್ಟು ಅಗಲದ ಬಿಳಿ ಗುರುತುಗಳು, ಒಂದೆರಡಲ್ಲ, ಕಟ್ಟೆ ತುಂಬ. ಸೋಪು ಹಾಕಿದೆವು, ಬೂದಿ ಹಾಕಿ ತಿಕ್ಕಿದೆವು. "ಎಷ್ಟು ತಿಕ್ಕಿದ್ರೂ ಹೋಗವಲ್ದು ನೋಡವಾ" ಅಂತ ಅವ್ವ ಕೈಚೆಲ್ಲಿದಳು.

ಅದು ಕಲೆ ಆಗಿದ್ದರೆ ತಾನೇ ಹೋಗೋದು? ಕಡಪಾ ಅಂದರೆ ಸುಣ್ಣದ ಕಲ್ಲು. ಹುಳಿ ಬಿದ್ದ ಜಾಗದಲ್ಲಿ ಕಲ್ಲೇ ಸ್ವಲ್ಪ ಕರಗುತ್ತದೆ, ಪಾಲಿಶ್ ಕಿತ್ತುಹೋಗುತ್ತದೆ. ಕಪ್ಪು ಹೊಳಪಿನ ನಡುವೆ ಆ ಜಾಗ ಬೆಳ್ಳಗೆ ಕಾಣುತ್ತದೆ. ಆಮೇಲೆ ಹುಣಸೆ ರಸದ ಪಾತ್ರೆಯ ತಳದ ಉಂಗುರ ಬಂತು. ಟೊಮೆಟೊ ಹೆಚ್ಚಿದ ಕಡೆ ಮಂಕಾಯಿತು. ಶೇಂಗಾ ಎಣ್ಣೆ ಸವರಿದರೆ ಮತ್ತೆ ಕರ್ರಗಾಗುತ್ತದೆ ಅಂತ ಪಕ್ಕದ ಮನೆ ಅಕ್ಕ ಹೇಳಿದರು. ಆಯಿತು ನಿಜ, ಆದರೆ ನಾಲ್ಕು ದಿನಕ್ಕೆ ಎಣ್ಣೆಗೆಲ್ಲ ಧೂಳು, ಹಿಟ್ಟು ಹತ್ತಿಕೊಂಡು ಜಿಡ್ಡಾಯಿತು. ಸರಿಯಾದ ದಾರಿ ಒಂದೇ, ಮತ್ತೆ ಪಾಲಿಶ್ ಹೊಡೆಸುವುದು. ಒಲೆ, ಸಿಂಕು ಎಲ್ಲ ಕೂಡಿಸಿದ ಮೇಲೆ ಅಡುಗೆಮನೆಯಲ್ಲಿ ಆ ಮಿಷನ್ ಆಡಿಸುವುದು ಸುಲಭವಲ್ಲ.

ಹಾಗಾದರೆ ಶಹಾಬಾದ್ ಬೇರೆಯಾ? ಅಲ್ಲ. ಅದೂ ಸುಣ್ಣದ ಕಲ್ಲೇ, ಕೋಟಾ ಕೂಡ. ಉಳಿದ ತುಂಡುಗಳ ಮೇಲೆ ನಾನೇ ನಿಂಬೆರಸ ಹಾಕಿ ನೋಡಿದೆ. ಮೂರೂ ಹುಳಿಗೆ ಸೋತವು. ಜೊತೆಗಿಟ್ಟ ಇಳಕಲ್ ಕೆಂಪು ಗ್ರಾನೈಟ್ ತುಂಡಿಗೆ ಮಾತ್ರ ಏನೂ ಆಗಲಿಲ್ಲ. ಆದರೆ ಶಹಾಬಾದ್ ಬೂದು ಬಣ್ಣದ್ದು, ನಮ್ಮದು ಪಾಲಿಶ್ ಇಲ್ಲದ್ದು. ಹೊಳಪೇ ಇಲ್ಲದ ಕಡೆ ಹೊಳಪು ಹೋದ ಗುರುತು ಎಲ್ಲಿ ಕಾಣಬೇಕು? ಆರು ವರ್ಷದಿಂದ ಹಿತ್ತಲಲ್ಲಿ ಅದರ ಮೇಲೆಯೇ ಹುಣಸೆ ಹಣ್ಣು ಜಜ್ಜುತ್ತೇವೆ, ಪಾತ್ರೆ ತಿಕ್ಕುತ್ತೇವೆ. ನೋಡಿದರೆ ಮೊದಲಿದ್ದ ಹಾಗೆಯೇ ಇದೆ.

ಕೊಳ್ಳುವವರು ಒಂದು ನಿಂಬೆಹಣ್ಣು ಜೇಬಿನಲ್ಲಿಟ್ಟುಕೊಂಡು ಹೋಗಿ. ಕಲ್ಲಿನ ಮೂಲೆಗೆ ನಾಲ್ಕು ಹನಿ ಹಿಂಡಿ, ಹತ್ತು ನಿಮಿಷ ಬಿಟ್ಟು ಒರೆಸಿ ನೋಡಿ. ಊರಿನ ಹೆಸರನ್ನಷ್ಟೇ ನಂಬಬೇಡಿ. ಕಡಪಾ ಅನ್ನೋ ಕಲ್ಲು ಬೇತಂಚೆರ್ಲ, ತಾಡಿಪತ್ರಿ ಕಡೆಯಿಂದಲೂ ಬರುತ್ತದೆ. ಕೋಟಾ ಅಂದರೆ ರಾಜಸ್ಥಾನದ ರಾಮಗಂಜ್ ಮಂಡಿ, ಝಾಲಾವಾಡ ಕಡೆಯ ಗಣಿಗಳದ್ದು. ಶಹಾಬಾದ್ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯದು. ಶಹಾಬಾದ್, ವಾಡಿ, ಚಿತ್ತಾಪುರ ಕಡೆ ನೆಲದಲ್ಲೇ ಪದರು ಪದರಾಗಿ ಇರುತ್ತದೆ, ಚಾಣ ಹೊಡೆದರೆ ಹಲಗೆಯಂತೆ ಬಿಡುತ್ತದೆ. ವಿಜಯಪುರದ ಸ್ವಂತ ಕಲ್ಲು ಗೋಳಗುಮ್ಮಟಕ್ಕೆ ಹಾಕಿದ ಕರಿಕಲ್ಲು. ಅದು ಹೀಗೆ ಹಲಗೆಯಾಗಿ ಬಿಡುವುದಿಲ್ಲ. ಅದಕ್ಕೇ ಹಾಸಲು ನಮಗೆ ಪಕ್ಕದ ಜಿಲ್ಲೆಯ ಕಲ್ಲೇ ಬೇಕು.

ಶಹಾಬಾದಿನಲ್ಲಿ ದೋಷವಿಲ್ಲ ಅಂತಲ್ಲ. ದಪ್ಪ ಒಂದೇ ಸಮ ಇರುವುದಿಲ್ಲ. ಒಂದು ಅಂಚು ಒಂದಿಂಚು, ಇನ್ನೊಂದು ಒಂದೂವರೆ. ಗೌಂಡಿ ಪ್ರತಿ ಕಲ್ಲಿಗೂ ಕೆಳಗಿನ ಗಿಲಾವು ಹೆಚ್ಚುಕಮ್ಮಿ ಮಾಡಿ ಕೂಡಿಸಬೇಕು. ಅಂಗಳದ ಒಂದು ಮೂಲೆಯಲ್ಲಿ ನಮಗೆ ಇಂದಿಗೂ ನೀರು ನಿಲ್ಲುತ್ತದೆ.

ಕೋಟಾ ಚೆನ್ನಾಗಿದೆ. ದೂರದ ಲಾರಿ ಬಾಡಿಗೆಯಿಂದ ದುಬಾರಿ ಬಿತ್ತು. ಒಡೆದ ಎರಡು ಕಲ್ಲು ಬದಲಿಸಿದಾಗ ಹೊಸದರ ಹಸಿರು ಹಳೆಯದಕ್ಕೆ ಹೊಂದಲಿಲ್ಲ. ಪಾಲಿಶ್ ಮೇಲೆ ನೀರು ಬಿದ್ದರೆ ಜಾರುತ್ತದೆ.

ಬಿಸಿಲಿನ ವಿಷಯ. ತುಳಸಿ ಕಟ್ಟೆ ಸುತ್ತ ಉಳಿದ ಕಡಪಾ ತುಂಡು ಹಾಸಿದ್ದೆವು. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ನಿಲ್ಲಲಾಗದು. ಪಕ್ಕದ ಬೂದು ಕಲ್ಲಿನ ಮೇಲೆ ಹೇಗೋ ನಡೆಯಬಹುದು. ಸಂಜೆ ಎರಡು ಕೊಡ ನೀರು ಚೆಲ್ಲಿದರೆ ಎಲ್ಲರೂ ಅಲ್ಲೇ ಕೂರುತ್ತೇವೆ.

ಇನ್ನೊಂದು. ನಮ್ಮ ಬೋರ್ ನೀರಿನ ಬಿಳಿ ಕರೆ ತೆಗೆಯಲು ಬಚ್ಚಲಿಗೆ ಆಸಿಡ್ ಹಾಕಬೇಡಿ. ಈ ಮೂರರಲ್ಲಿ ಯಾವ ಕಲ್ಲೂ ತಡೆಯುವುದಿಲ್ಲ.

ದುಡ್ಡು ಜಾಸ್ತಿ ಇದ್ದವರು ಅಡುಗೆ ಕಟ್ಟೆಗೆ ಇಳಕಲ್ ಗ್ರಾನೈಟ್ ಹಾಕಿಸಿ, ಅದರ ಬಗ್ಗೆ ಎರಡು ಮಾತಿಲ್ಲ. ನನ್ನ ಲೆಕ್ಕಕ್ಕೆ ಅದು ಈ ವರ್ಷ ಕೂಡುವುದಿಲ್ಲ. ಅವ್ವ ಈಗ ನಿಂಬೆಹಣ್ಣನ್ನು ಕಟ್ಟಿಗೆ ಮಣೆ ಮೇಲೆ ಹೆಚ್ಚುತ್ತಾಳೆ, ರೊಟ್ಟಿ ಮಾತ್ರ ಆ ಕಟ್ಟೆ ಮೇಲೆಯೇ ಬಡಿಯುತ್ತಾಳೆ. ಮಹಡಿ ಕೋಣೆಗೆ ಎರಡು ಅಡಿ ಚೌಕದ ಶಹಾಬಾದ್ ಹೇಳಿದ್ದೇನೆ. ಈ ಸಲ ಲಾರಿ ಇಳಿಸುವ ಮೊದಲು ಪ್ರತಿ ಕಲ್ಲಿನ ಅಂಚಿಗೂ ಟೇಪ್ ಹಿಡಿದು ದಪ್ಪ ಅಳೆಯುತ್ತೇನೆ.