ಶಾಲಾ ಚುನಾವಣೆಗೆ ಮೊಬೈಲ್ ಮತಯಂತ್ರದ ಆ್ಯಪ್: ಎರಡು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ಜೂನ್ ಕಳೆಯುತ್ತಾ ಬಂದ ಹಾಗೆ ನಮ್ಮ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ಶುರುವಾಗುತ್ತದೆ. ಆಗ ಶಿಕ್ಷಕರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು, ಯಾವ ಆ್ಯಪ್ ಚೆನ್ನಾಗಿದೆ ಅಂತ. ಚೀಟಿ ಮಡಚಿ ಡಬ್ಬಕ್ಕೆ ಹಾಕಿಸುತ್ತಿದ್ದ ಕಡೆ ಈಗ ಮೊಬೈಲನ್ನೇ ಮತಯಂತ್ರ ಮಾಡಿಕೊಂಡಿದ್ದೇವೆ. ನಾನು ಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಎರಡು ವರ್ಷ ಒಂದೇ ಆ್ಯಪ್‌ನಲ್ಲಿ ಚುನಾವಣೆ ನಡೆಸಿದ್ದೇನೆ. ಅದರ ಹೆಸರು ಹೇಳುವುದಿಲ್ಲ. ಇಂಥ ಆ್ಯಪ್‌ಗಳು ಬೇಕಾದಷ್ಟಿವೆ. ನಾನು ನೋಡಿದ ಬೇರೆ ಎರಡರಲ್ಲೂ ಇದೇ ಗುಣ, ಇದೇ ತೊಂದರೆ ಇತ್ತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಎರಡು ಮೊಬೈಲ್ ಇದ್ದರೆ ಸಾಕು. ಒಂದು ಕಂಟ್ರೋಲ್ ಯೂನಿಟ್, ಇನ್ನೊಂದು ಬ್ಯಾಲೆಟ್ ಯೂನಿಟ್, ಎರಡಕ್ಕೂ ಬ್ಲೂಟೂತ್ ಸಂಪರ್ಕ. ಮೇಜಿನ ಹತ್ತಿರ ಕೂತ ಶಿಕ್ಷಕರು ಕಂಟ್ರೋಲ್ ಯೂನಿಟ್‌ನಲ್ಲಿ ಬ್ಯಾಲೆಟ್ ಗುಂಡಿ ಒತ್ತಿದರೆ ಮಾತ್ರ ಆಚೆ ಮೊಬೈಲ್‌ನಲ್ಲಿ ಓಟು ಹಾಕಲು ಬರುತ್ತದೆ. ಹೆಸರು, ಫೋಟೋ, ಚಿಹ್ನೆ, ಪಕ್ಕದಲ್ಲಿ ನೀಲಿ ಗುಂಡಿ, ಕೊನೆಗೆ ನೋಟಾ, ಎಲ್ಲ ಇದೆ. ಗುಂಡಿ ಒತ್ತಿದರೆ ಉದ್ದನೆಯ ಬೀಪ್ ಬರುತ್ತದೆ. ಆ ಸದ್ದು ಕೇಳುವುದಕ್ಕೇ ಮಕ್ಕಳು ಸಾಲಿನಲ್ಲಿ ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಬೀಪ್ ಆದ ಮೇಲೂ ಅಲ್ಲೇ ನಿಂತಿದ್ದ. "ಆಯ್ತಾ ಮೇಡಂ, ನನ್ನದು ಸೇರಿತಾ?" ಅಂತ ಕೇಳಿದ. ಸೇರಿತು ಅಂದೆ. ಅವನ ಮುಖ ಅರಳಿದ್ದು ಇನ್ನೂ ಕಣ್ಣ ಮುಂದೆ ಇದೆ. ಮಕ್ಕಳಿಗೆ ಮತಗಟ್ಟೆಯ ಹೆದರಿಕೆ ಬಿಡಿಸುವುದರಲ್ಲಿ ಈ ಆ್ಯಪ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ನಾನು ನಾಲ್ಕು ಚುನಾವಣೆಗಳಲ್ಲಿ ಮತಗಟ್ಟೆ ಡ್ಯೂಟಿ ಮಾಡಿದ್ದೇನೆ. ನಿಜವಾದ ಮತದಾನದ ದಿನ ಬೆಳಿಗ್ಗೆ ಏಜೆಂಟರ ಎದುರು ಕನಿಷ್ಠ 50 ಓಟಿನ ಅಣಕು ಮತದಾನ ಮಾಡಬೇಕು. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿ, ಯಂತ್ರ ಖಾಲಿ ಇದೆ ಅಂತ ತೋರಿಸಿ, ಸೀಲ್ ಹಾಕಬೇಕು. ಆ್ಯಪ್‌ನಲ್ಲೂ ಇದನ್ನು ಮಾಡಬಹುದು, ಮಕ್ಕಳಿಂದಲೇ ಮಾಡಿಸಿ. ಪ್ರತಿ ಅಭ್ಯರ್ಥಿಗೂ ಒಬ್ಬ ಏಜೆಂಟ್ ಇರಲಿ, ಅವರ ಮುಂದೆಯೇ ಸೊನ್ನೆ ತೋರಿಸಿ. ಹತ್ತು ನಿಮಿಷದ ಕೆಲಸ, ಆದರೆ ಒಂದು ವಾರದ ಪಾಠಕ್ಕಿಂತ ಜಾಸ್ತಿ ಅರ್ಥವಾಗುತ್ತದೆ.

ಈಗ ತೊಂದರೆಗೆ ಬರುತ್ತೇನೆ. ಮೊದಲ ವರ್ಷ ನಮ್ಮಲ್ಲಿ ನಡೆದದ್ದನ್ನು ಹಾಗೇ ಬರೆಯುತ್ತೇನೆ. ಪ್ರಧಾನಮಂತ್ರಿ ಸ್ಥಾನಕ್ಕೆ ನಾಲ್ಕು ಮಕ್ಕಳು ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಮೊಬೈಲ್‌ಗೆ ಯಾವುದೋ ಕರೆ ಬಂದು ಬ್ಲೂಟೂತ್ ಕಡಿದುಹೋಯಿತು. ಮತ್ತೆ ಜೋಡಿಸಿ ಮುಂದುವರಿಸಿದೆವು. ಸಂಜೆ ಫಲಿತಾಂಶ ತೆಗೆದರೆ 61, 60, 38, 14, ನೋಟಾ 5. ಒಟ್ಟು 178. ನಮ್ಮ ರಿಜಿಸ್ಟರ್‌ನಲ್ಲಿ ಸಹಿ ಮಾಡಿದವರು 179. ಗೆಲುವಿನ ಅಂತರ ಒಂದು ಓಟು, ಕಾಣೆಯಾದದ್ದೂ ಒಂದು ಓಟು. ಸೋತ ಹುಡುಗಿ ಅಳಲಿಲ್ಲ. ಅವಳು ಕೇಳಿದ್ದು ಇಷ್ಟೇ: "ಮೇಡಂ, ಆ ಒಂದು ಎಲ್ಲಿ ಹೋಯಿತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ್ಯಪ್‌ನಲ್ಲೂ ಇರಲಿಲ್ಲ. ಓಟು ಹಾಕಿದ ಮೇಲೆ ಪರದೆಯ ಮೇಲೆ ವಿವಿಪ್ಯಾಟ್ (ಹಾಕಿದ ಓಟನ್ನು ಕಾಗದದಲ್ಲಿ ಮುದ್ರಿಸಿ ತೋರಿಸುವ ಯಂತ್ರ) ಚೀಟಿಯಂತೆ ಒಂದು ಚಿತ್ರ 7 ಸೆಕೆಂಡ್ ಕಾಣುತ್ತದೆ, ಆಮೇಲೆ ಮಾಯ. ನಿಜವಾದ ವಿವಿಪ್ಯಾಟ್‌ನಲ್ಲೂ ಗಾಜಿನ ಹಿಂದೆ 7 ಸೆಕೆಂಡೇ ಕಾಣುವುದು, ಆದರೆ ಅದು ಕಾಗದ. ಕತ್ತರಿಸಿಕೊಂಡು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳ ಚೀಟಿ ಎಣಿಸಿ ತಾಳೆ ನೋಡುತ್ತಾರೆ. ಆ್ಯಪ್‌ನವರು ಚೀಟಿಯ ಚಿತ್ರವನ್ನಷ್ಟೇ ಕೊಟ್ಟಿದ್ದಾರೆ. ಅನುಮಾನ ಬಂದಾಗ ತೆಗೆದು ಎಣಿಸುವುದಕ್ಕೆ ಏನೂ ಇಲ್ಲ. ಚೀಟಿ ಇರುವುದೇ ಎಣಿಸುವುದಕ್ಕೆ, ಅಲ್ವಾ?

ಸೋಮವಾರ ಕಾಗದದ ಚೀಟಿಯಲ್ಲಿ ಮರು ಮತದಾನ ಮಾಡಿಸಿದೆವು. ಆ ಹುಡುಗಿ 9 ಓಟಿನಿಂದ ಸೋತಳು. ಈ ಸಲ ಅವಳ ಏಜೆಂಟ್ ತಾನೇ ಎಣಿಸಿದ್ದ, ಅವಳೇ ಹೋಗಿ ಗೆದ್ದವನ ಕೈ ಕುಲುಕಿದಳು. ಮಾರನೇ ದಿನ ತರಗತಿಯಲ್ಲಿ ಸಂತೇಮರಹಳ್ಳಿಯ ಕಥೆ ಹೇಳಿದೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಒಂದೇ ಓಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಹಿಂದಿನ ವರ್ಷಗಳಲ್ಲಿ ಇದನ್ನೇ ಹೇಳಿದಾಗ ಮಕ್ಕಳು ಸುಮ್ನೆ ಕೇಳಿ ಬರೆದುಕೊಳ್ಳುತ್ತಿದ್ದರು. ಈ ಸಲ ಒಬ್ಬರೂ ಪೆನ್ನು ಎತ್ತಲಿಲ್ಲ, ಎಲ್ಲರೂ ಆ ಹುಡುಗಿಯ ಕಡೆ ತಿರುಗಿ ನೋಡುತ್ತಿದ್ದರು.

ಇನ್ನೊಂದು ದೊಡ್ಡ ದೂರು ಚಿಹ್ನೆಗಳ ಬಗ್ಗೆ. ಆ್ಯಪ್‌ನಲ್ಲಿ ಚಿಹ್ನೆಗಳ ಒಂದು ಪಟ್ಟಿ ಸಿದ್ಧವಾಗಿ ಬರುತ್ತದೆ. ಸೈಕಲ್ ಪಂಪು, ಹೂಕುಂಡ, ಗಾಳಿಪಟ ಇದ್ದ ಹಾಗೆಯೇ ದೊಡ್ಡ ಪಕ್ಷಗಳ ಚಿಹ್ನೆಗಳೂ ಅದರಲ್ಲಿ ಸೇರಿಕೊಂಡಿವೆ. ಮೊದಲ ವರ್ಷ ಗಡಿಬಿಡಿಯಲ್ಲಿ ನಾನು ಗಮನಿಸಲಿಲ್ಲ, ಇಬ್ಬರು ಹುಡುಗರು ಅವನ್ನೇ ಆರಿಸಿಕೊಂಡರು. ಆಮೇಲೆ ಊರಿನ ಜಗಳ ಶಾಲೆಗೆ ಬಂತು. ಯಾರ ಅಪ್ಪ ಯಾವ ಪಾರ್ಟಿ ಅನ್ನುವುದರ ಮೇಲೆ ಮಕ್ಕಳು ಎರಡು ಭಾಗವಾದರು. ನೀರಿನ ಟ್ಯಾಂಕ್ ತೊಳೆಸುತ್ತೇನೆ ಅಂದ ಹುಡುಗನ ಮಾತು ಯಾರ ಕಿವಿಗೂ ಬೀಳಲಿಲ್ಲ. ದಯವಿಟ್ಟು ಆ ಪಟ್ಟಿಯನ್ನು ಬಳಸಬೇಡಿ, ಮಕ್ಕಳ ಕೈಲೇ ಚಿಹ್ನೆ ಬರೆಸಿ ಫೋಟೋ ತೆಗೆದು ಹಾಕಿ. ಎರಡನೇ ವರ್ಷ ನಮ್ಮಲ್ಲಿ ಲಟ್ಟಣಿಗೆ, ಮೊರ, ಬಿಂದಿಗೆ ನಿಂತಿದ್ದವು.

ಚಿಹ್ನೆ ಯಾಕೆ ಬಂತು ಅನ್ನುವುದನ್ನೂ ಮಾಡಿಯೇ ತೋರಿಸಬಹುದು. 1951-52ರ ಮೊದಲ ಮಹಾಚುನಾವಣೆಯಲ್ಲಿ ಓದು ಬರಹ ಬಾರದವರೇ ಜಾಸ್ತಿ. ಹಾಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಮತದಾರ ತನಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ನಾನು ನಾಲ್ಕು ಚಪ್ಪಲಿ ಡಬ್ಬ ತಂದು ಹಾಗೇ ಒಂದು ಆಟ ಆಡಿಸಿದೆ. ಐದು ನಿಮಿಷ ಆಗಿರಲಿಲ್ಲ, ಒಬ್ಬಳು ಕೈ ಎತ್ತಿದಳು. "ಮೇಡಂ, ಒಬ್ಬ ಚೀಟಿ ಹಾಕದೆ ಜೇಬಲ್ಲಿಟ್ಟುಕೊಂಡು ಹೊರಗೆ ಹೋಗಿ ಮಾರಿಬಿಟ್ಟರೆ?" ಒಂದೇ ಚೀಟಿಯಲ್ಲಿ ಎಲ್ಲರ ಹೆಸರು ಹಾಕಿ ಮುದ್ರೆ ಒತ್ತುವ ಪದ್ಧತಿ ಯಾಕೆ ಬೇಕಾಯಿತು ಅಂತ ನಾನು ಹೇಳುವುದೇ ಉಳಿಯಲಿಲ್ಲ. ಅಲ್ಲಿಂದ ಯಂತ್ರಕ್ಕೆ ಬರುವುದು ಸುಲಭ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಬಾರಿ ಮತಯಂತ್ರ ಇಟ್ಟರು. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್). ಬೆರಳಿನ ಶಾಯಿಯೂ ನಮ್ಮದೇ, ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ಕೊಡುತ್ತಾ ಬಂದಿದೆ. ಮಕ್ಕಳಿಗೆ ನಾವು ಹಾಕಿದ್ದು ಮಾರ್ಕರ್ ಪೆನ್ನು, ಮನೆಗೆ ಹೋಗುವಷ್ಟರಲ್ಲಿ ಅಳಿಸಿತ್ತು.

ಬೆಳಗಾವಿಯ ವಿಷಯ ಹೇಳಿದರೆ ಮಕ್ಕಳು ನಂಬುವುದೇ ಇಲ್ಲ. 1996ರ ಲೋಕಸಭಾ ಚುನಾವಣೆಯಲ್ಲಿ ಆ ಒಂದೇ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳು. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ ಇರುವುದು 16 ಗುಂಡಿ. ಹಾಗಾದರೆ ಎಷ್ಟು ಯೂನಿಟ್ ಬೇಕು, ಲೆಕ್ಕ ಮಾಡಿ ಅಂದೆ. ಗಣಿತದ ಮೇಷ್ಟ್ರಿಗೂ ಖುಷಿಯಾಯಿತು.

ಆ್ಯಪ್ ಮುಟ್ಟದೇ ಇರುವ ಜಾಗ ಅಂದರೆ ಪಕ್ಷ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಕೊರತೆ. ಮಕ್ಕಳು ಮನೆಯಲ್ಲಿ, ಟೀ ಅಂಗಡಿ ಮುಂದೆ, ಟಿವಿಯಲ್ಲಿ ದಿನವಿಡೀ ಕೇಳುವುದು ಪಾರ್ಟಿ ವಿಷಯವನ್ನೇ. ಶಾಲೆಗೆ ಬಂದರೆ ನಾವು ಆ ಪದ ಬಂದ ತಕ್ಷಣ ಪುಟ ತಿರುಗಿಸುತ್ತೇವೆ. ಯಾರಾದರೂ ಏನಾದರೂ ಅಂದುಕೊಂಡಾರು ಅನ್ನುವ ಭಯ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗ ನೇರವಾಗಿ ಕೇಳಿಬಿಟ್ಟ. "ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷ ಇರಲ್ಲ ಅಂತ ನೀವು ಹೇಳಿದ್ರಿ. ಆದರೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಇವರು ಆ ಪಾರ್ಟಿಯವರು, ಅವರು ಈ ಪಾರ್ಟಿಯವರು. ಹಂಗಾದ್ರೆ ಯಾವುದು ಸರಿ?" ಎರಡೂ ಸರಿ ಅಂದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆಯ ಮೇಲೆ ನಿಲ್ಲುವ ಹಾಗಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ ನಿಲ್ಲಬಹುದು. ಚಿಹ್ನೆ ಇಲ್ಲ ಅಂದ ಮಾತ್ರಕ್ಕೆ ಜನ ಪಕ್ಷ ಬಿಟ್ಟು ಬರುವುದಿಲ್ಲ. ಇಷ್ಟನ್ನು ಹೇಳುವುದಕ್ಕೆ ಯಾವ ಪಕ್ಷದ ಪರವಾಗಿಯೂ ಮಾತಾಡಬೇಕಾಗಿಲ್ಲ.

ಎರಡನೇ ವರ್ಷ ಒಬ್ಬೊಬ್ಬರೇ ನಿಲ್ಲುವ ಪದ್ಧತಿಯನ್ನೇ ಬಿಟ್ಟೆವು. ಮಕ್ಕಳೇ ಮೂರು ತಂಡ ಕಟ್ಟಿದರು. ನಿಯಮ ಎರಡೇ: ಹೊರಗಿನ ಪಕ್ಷದ ಹೆಸರು, ಬಣ್ಣ, ಘೋಷಣೆ ಬೇಡ, ಮತ್ತೆ ಪ್ರತಿ ತಂಡದಲ್ಲೂ ಎಲ್ಲ ತರಗತಿಯವರು, ಹುಡುಗರು ಹುಡುಗಿಯರು ಇಬ್ಬರೂ ಇರಬೇಕು. ಒಂದು ತಂಡಕ್ಕೆ ಶೌಚಾಲಯದ ನೀರು ಮುಖ್ಯ, ಇನ್ನೊಂದಕ್ಕೆ ಲೈಬ್ರರಿ ಬೀಗ ತೆಗೆಸುವುದು, ಮೂರನೆಯದಕ್ಕೆ ಆಟದ ಪೀರಿಯಡ್. ಪ್ರಣಾಳಿಕೆಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಎದುರು ತಂಡದವರು ಬಂದು ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳತೊಡಗಿದರು. ಎರಡು ಸಾಲು ಹೊಡೆದು ಹಾಕಿ ಮತ್ತೆ ಬರೆದರು. ಪೆಪ್ಪರ್‌ಮೆಂಟ್ ಹಂಚಿದ ಒಬ್ಬನ ಮೇಲೆ ನೀತಿ ಸಂಹಿತೆ ಉಲ್ಲಂಘನೆ ಅಂತ ದೂರು ಬಂತು. ವಿಚಾರಣೆ ನಡೆಸಿದವರೂ ಮಕ್ಕಳೇ.

ಒಟ್ಟು 11 ಸ್ಥಾನ, ಬಹುಮತಕ್ಕೆ 6. ಬಂದದ್ದು 5, 4, 2. ಯಾರಿಗೂ ಬಹುಮತ ಇಲ್ಲ. ಎರಡು ಸ್ಥಾನದ ತಂಡ ಬೇವಿನ ಮರದ ಕೆಳಗೆ ಕೂತು ಇಡೀ ಊಟದ ಬಿಡುವು ಚರ್ಚೆ ಮಾಡಿತು. ಲೈಬ್ರರಿ ಬೀಗ ತೆಗೆಸುತ್ತೇವೆ ಅಂತ ಬರೆದುಕೊಟ್ಟವರ ಜೊತೆ ಹೋದರು. 2018ರಲ್ಲಿ ನಮ್ಮ 224 ಸ್ಥಾನದ ವಿಧಾನಸಭೆಯಲ್ಲಿ ಯಾವ ಪಕ್ಷಕ್ಕೂ 113 ಸಿಗದೇ ಹೋದಾಗ ಏನಾಯಿತು ಅನ್ನುವುದು ಆಮೇಲೆ ತಾನಾಗಿ ಅರ್ಥವಾಯಿತು. ಹದಿನೈದು ದಿನಕ್ಕೆ ಒಬ್ಬ ಹುಡುಗ ಮಂತ್ರಿಗಿರಿಗಾಗಿ ತಂಡ ಬದಲಿಸುತ್ತೇನೆ ಅಂದ. ಅವನಿಗೆ ಓಟು ಹಾಕಿದವರು ಬಂದು ನನ್ನ ಮೇಜಿನ ಸುತ್ತ ನಿಂತರು. 1985ರ ಪಕ್ಷಾಂತರ ನಿಷೇಧ ಕಾಯ್ದೆ, 2019ರಲ್ಲಿ ನಮ್ಮ ರಾಜ್ಯದಲ್ಲಿ 17 ಶಾಸಕರು ಅನರ್ಹರಾದದ್ದು, ಎಲ್ಲವನ್ನೂ ಅವತ್ತೇ ಹೇಳಿದೆ. ಇದರಲ್ಲಿ ಯಾವುದಕ್ಕೂ ಆ್ಯಪ್‌ನಲ್ಲಿ ಜಾಗ ಇಲ್ಲ. ತಂಡದ ಹೆಸರು ಹಾಕಲು ಬರುವುದಿಲ್ಲ, ಒಟ್ಟು ಸ್ಥಾನ ಕೂಡಲು ಬರುವುದಿಲ್ಲ. ಕಪ್ಪು ಹಲಗೆಯ ಮೇಲೆ ನಾವೇ ಬರೆದುಕೊಂಡೆವು.

ಸಣ್ಣಪುಟ್ಟ ಮಾತು ಇನ್ನೂ ಇವೆ. ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ, ಇಂಟರ್‌ನೆಟ್ ಬಂದ್ ಮಾಡಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಬ್ಲೂಟೂತ್ ಮಾತ್ರ ಆನ್ ಮಾಡಿದರೆ ಕರೆಯ ಕಾಟವೂ ಇರುವುದಿಲ್ಲ. ಮತದಾನ ಮುಗಿಯುವ ಮೊದಲೇ ಯಾರು ಬೇಕಾದರೂ ಫಲಿತಾಂಶ ತೆರೆದು ನೋಡಬಹುದು, ಇದು ತಪ್ಪು, ಪಾಸ್‌ವರ್ಡ್ ಇರಲೇಬೇಕು. ಮತದಾರರ ಪಟ್ಟಿ ಇಡುವ ಸೌಲಭ್ಯ ಇಲ್ಲ. ನಮ್ಮ ಪಟ್ಟಿಯಲ್ಲಿ ಹೊಸದಾಗಿ ಸೇರಿದ ಒಬ್ಬಳ ಹೆಸರು ಬಿಟ್ಟುಹೋಗಿತ್ತು. ಅವಳು ಸಾಲಿನಲ್ಲಿ ನಿಂತು ವಾಪಸ್ ಹೋದದ್ದು ನೋಡಿ ನನಗೆ ತುಂಬ ಬೇಜಾರಾಯಿತು. ನಿಜವಾದ ಮತದಾರರ ಪಟ್ಟಿಗೆ 17 ತುಂಬಿದವರು ನಮೂನೆ 6ರಲ್ಲಿ ಮುಂಚೆಯೇ ಅರ್ಜಿ ಹಾಕಬಹುದು, 18 ತುಂಬಿದ ಮೇಲೆ ಹೆಸರು ಸೇರುತ್ತದೆ ಅಂತ ಅವತ್ತು ಎಲ್ಲರಿಗೂ ಹೇಳಿದೆ. ಅವರ ಅಕ್ಕ ಅಣ್ಣಂದಿರಿಗಾದರೂ ಉಪಯೋಗಕ್ಕೆ ಬರಲಿ.

5ಕ್ಕೆ 3 ಸ್ಟಾರ್ ಕೊಡುತ್ತೇನೆ. ಬಳಸಿ, ಆದರೆ ಕೊನೆಯ ದಿನಕ್ಕೆ ಮಾತ್ರ. ಅದಕ್ಕೆ ಮುಂಚೆ ಮೂರು ವಾರ ನಾಮಪತ್ರ, ಪರಿಶೀಲನೆ, ವಾಪಸಾತಿ, ತಂಡ, ಪ್ರಣಾಳಿಕೆ ಎಲ್ಲ ಕಾಗದದಲ್ಲೇ ನಡೆಯಲಿ. ಮತ್ತೆ ಚೀಟಿ ಇಟ್ಟುಕೊಳ್ಳಿ. ಎರಡನೇ ವರ್ಷ ನಾವು ಪ್ರತಿ ಮಗುವೂ ಗುಂಡಿ ಒತ್ತಿದ ಮೇಲೆ ಸಣ್ಣ ಚೀಟಿಯಲ್ಲಿ ಅದೇ ಚಿಹ್ನೆಗೆ ಗುರುತು ಹಾಕಿ ಡಬ್ಬಕ್ಕೆ ಬಿಡುವ ಹಾಗೆ ಮಾಡಿದೆವು. ಸಂಜೆ ಆ್ಯಪ್ ತೋರಿಸಿದ್ದು 183. ರಿಜಿಸ್ಟರ್‌ನಲ್ಲೂ 183. ಚೀಟಿ ಎಣಿಸಿದರೆ 182. ಕೋಣೆಯಲ್ಲಿ ಸದ್ದೇ ಇಲ್ಲ. ಮತ್ತೆ ಎಣಿಸಿದರು, 182. ಆಗ ಹೋದ ವರ್ಷ ಸೋತಿದ್ದ ಅದೇ ಹುಡುಗಿ, ಈ ಸಲ ಎಣಿಕೆ ಏಜೆಂಟ್ ಆಗಿದ್ದವಳು, ಡಬ್ಬವನ್ನು ತಲೆಕೆಳಗು ಮಾಡಿ ತಟ್ಟಿದಳು. ಮೂಲೆಯ ಅಂಟಿಗೆ ಕಚ್ಚಿಕೊಂಡಿದ್ದ ಚೀಟಿ ಮೇಜಿನ ಮೇಲೆ ಬಿತ್ತು. ಬಿಂದಿಗೆಗೆ ಒಂದು ಓಟು.