ಗುಂಗುರು ಕೂದಲ ಸಿಕ್ಕು: ಬೆರಳೋ, ಬಾಚಣಿಗೆಯೋ, ಬ್ರಷ್ಷೋ?

ಯಾವುದನ್ನು ಹಿಡಿದರೂ ಮೊದಲು ಒಂದು ಮಾತು: ಒಣಗಿದ ಗುಂಗುರು ಕೂದಲನ್ನು ಸುಮ್ನೆ ಎಳೆಯಬೇಡಿ. ಒದ್ದೆ ಮಾಡಿ, ಕೈತುಂಬಾ ಕಂಡಿಷನರ್ ಹಚ್ಚಿ, ತುದಿಯಿಂದ ಶುರು ಮಾಡಿ ಬುಡದ ಕಡೆಗೆ ಬನ್ನಿ.

ಕೂದಲು ತುಂಡಾಗಬಾರದು ಅನ್ನುವುದೇ ಮುಖ್ಯವಾದರೆ ಬೆರಳೇ ಮೇಲು. ಗಂಟು ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ, ಬಾಚಣಿಗೆಗೆ ಎಲ್ಲಿ ಗೊತ್ತಾಗಬೇಕು? ಗಂಟಿನ ಮೇಲ್ಭಾಗವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಿಂದ ಒಂದೊಂದೇ ಎಳೆ ಬಿಡಿಸಿದರೆ ಆ 'ಚಟ್' ಸದ್ದೇ ಬರುವುದಿಲ್ಲ. ಆದರೆ ತಾಳ್ಮೆ ಬೇಕು. ಕೂದಲು ದಟ್ಟವಾಗಿದ್ದರೆ ಕೈ ಸೋತುಹೋಗುತ್ತದೆ. ಉದುರಿದ ಕೂದಲು ಒಂದಷ್ಟು ಒಳಗೇ ಉಳಿದು ಮತ್ತೆ ಗಂಟಾಗುವುದೂ ಉಂಟು.

ಅಗಲ ಹಲ್ಲಿನ ಬಾಚಣಿಗೆ ನಡುದಾರಿ. ಉದುರಿ ಒಳಗೇ ಉಳಿದ ಕೂದಲನ್ನೂ ಎಳೆದು ತರುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಕೊಳ್ಳುವಾಗ ಹಲ್ಲಿನ ಅಂಚನ್ನು ಬೆರಳಿಂದ ಸವರಿ ನೋಡಿ. ಅಚ್ಚಿನಲ್ಲಿ ಎರೆದಾಗ ಉಳಿದ ಗೆರೆ ಉಗುರಿಗೆ ತಗುಲಿದರೆ ಅದು ಕೂದಲನ್ನೂ ಕೆರೆಯುತ್ತದೆ.

ಬೇಗ ಮುಗಿಯಬೇಕಾದರೆ ಬಾಗುವ ಹಲ್ಲಿನ ಬ್ರಷ್. ಸಡಿಲ ಸುರುಳಿಗೆ ಚೆನ್ನಾಗಿ ಹೊಂದುತ್ತದೆ. ಬಿಗಿ ಸುರುಳಿಗೋ ಬಣ್ಣ ಹಾಕಿ ಸೋತ ಕೂದಲಿಗೋ ಆದರೆ, ಮೊದಲು ಬೆರಳಾಡಿಸದೆ ನಾನಂತೂ ಬ್ರಷ್ ಮುಟ್ಟಿಸಲ್ಲ.

ಕೈಗೆ ಬಂದ ಮುದ್ದೆ ನೋಡಿ ಗಾಬರಿ ಬೇಡ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ವಾರಕ್ಕೊಮ್ಮೆ ಬಿಡಿಸುವವರಿಗೆ ಅಷ್ಟೂ ಒಟ್ಟಿಗೆ ಸಿಗುತ್ತದೆ ಅಲ್ವಾ? ಕೂದಲಿನ ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಬುಡದಿಂದ ಉದುರಿದ್ದು. ಚುಕ್ಕೆಯಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಮಾತ್ರ ಬ್ರಷ್ ಬಿಟ್ಟು ಬೆರಳಿಗೆ ಬನ್ನಿ.