ಆಯಿಗಾಗಿ ಸಂದೇಶ ಪರದೆ: ಎಲ್‌ಸಿಡಿಯೋ, ಓಎಲ್‌ಇಡಿಯೋ?

ಶಿರಸಿಯ ನಮ್ಮ ಮನೆಯಲ್ಲಿ ಆಯಿಗೆ ಕಿವಿ ಮಂದವಾದ ಮೇಲೆ, ಕೀಪ್ಯಾಡಿನ ಒಂದು ಗುಂಡಿ ಒತ್ತಿದರೆ ಅವಳ ಕುರ್ಚಿಯ ಎದುರಿನ ಪರದೆಯಲ್ಲಿ ‘ತೋಟಕ್ಕೆ ಹೋಗಿದ್ದೇನೆ’, ‘ಊಟಕ್ಕೆ ಬಾ’ ಎಂಬಂಥ ಮಾತು ಮೂಡುವ ಉಪಕರಣವೊಂದನ್ನು ಆರ್ಡುಯಿನೋ ಊನೋ ಎಂಬ, ನಾವು ಬರೆದ ಕೋಡಿನಂತೆ ನಡೆಯುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಮಾಡಿದೆ. 16 ಗುಂಡಿಗಳ ಕೀಪ್ಯಾಡ್ ಅದೇ ಇತ್ತು. ಪರದೆಯನ್ನು ಮಾತ್ರ ಬದಲಿಸಿ ನೋಡಿದೆ.

ಮೊದಲನೆಯದು ಸಾಲಿಗೆ 16 ಅಕ್ಷರಗಳಂತೆ ಎರಡು ಸಾಲು ತೋರುವ ದ್ರವಸ್ಫಟಿಕ ಪರದೆ, ಅಂದರೆ ಎಲ್‌ಸಿಡಿ. ತಂತಿ ಜೋಡಿಸಲು ಕೀಪ್ಯಾಡಿಗೆ ಬೋರ್ಡಿನ 8, ಪರದೆಗೆ 6 ಪಿನ್ ಬೇಕು. ಕಂಪ್ಯೂಟರಿನೊಡನೆ ಮಾತಾಡುವ ಸೀರಿಯಲ್ ಸಂಪರ್ಕದ ಎರಡನ್ನು ಬಿಟ್ಟರೆ ಉಳಿಯುವ 12 ಡಿಜಿಟಲ್ ಪಿನ್ ಸಾಲದೆ ಅನಲಾಗ್ ಪಿನ್‌ಗಳಿಗೂ ಕೈಹಾಕಬೇಕಾಯಿತು. ಪರದೆಯ ಬೆನ್ನಿಗೆ, ಎರಡೇ ತಂತಿಯಲ್ಲಿ ಸಂಕೇತ ಸಾಗಿಸುವ ಐ2ಸಿ ವಿಧಾನದ ಪುಟ್ಟ ಬೋರ್ಡ್ ಕೂಡಿಸಿದ ಮೇಲೆ ಪರದೆಯ ಸಂಕೇತಕ್ಕೆ ಎರಡೇ ತಂತಿ ಸಾಕಾದವು. ಅಕ್ಷರ ದೊಡ್ಡದು, ಜಗಲಿಯ ಬೆಳಕಿನಲ್ಲೂ ಸ್ಪಷ್ಟ. ಆದರೆ ಕನ್ನಡ ಅದರಲ್ಲಿಲ್ಲ. ನಾವೇ ರೂಪಿಸಬಹುದಾದ ಅಕ್ಷರಗಳು ಒಮ್ಮೆಗೆ 8 ಮಾತ್ರ, ಅದೂ 5 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಟ್ಟಿನೊಳಗೆ. ‘ಊಟಕ್ಕೆ’ ಎಂಬಲ್ಲಿನ ಒತ್ತಕ್ಷರ ಅಲ್ಲಿ ಕೂರಲೊಲ್ಲದೆ ಕೆಳಗಿನ ಸಾಲಿಗೆ ಇಳಿಯುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡವನ್ನು ಆಯಿ ಓದಲಾರಳು.

ಎರಡನೆಯದು 128×64 ಚುಕ್ಕೆಗಳ, 0.96 ಇಂಚಿನ, ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ. ಪರದೆ ನಡೆಸಲು ಬಳಸುವ ಸಾಮಾನ್ಯ ಲೈಬ್ರರಿಗಳು (ಸಿದ್ಧ ಕೋಡಿನ ಕಟ್ಟುಗಳು) ಇಡೀ ಪರದೆಯ ಚಿತ್ರಕ್ಕೆ 1024 ಬೈಟ್ ಕಾದಿರಿಸುತ್ತವೆ, ಅಂದರೆ ಊನೋದ ತಾತ್ಕಾಲಿಕ ಸ್ಮೃತಿಯಾದ 2048 ಬೈಟ್ ರ್‍ಯಾಮ್‌ನಲ್ಲಿ ಸರಿಯಾಗಿ ಅರ್ಧ. ಒತ್ತಕ್ಷರ ಜೋಡಿಸುವ ಕೆಲಸವನ್ನು ಅವುಗಳಿಗೆ ಒಪ್ಪಿಸದೆ, ಪ್ರತಿ ಮಾತನ್ನೂ ಕಂಪ್ಯೂಟರಿನಲ್ಲಿ ಚಿತ್ರವಾಗಿಸಿ ವಿದ್ಯುತ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಯಲ್ಲಿ ಇಟ್ಟೆ. ಒಂದು ಚಿತ್ರಕ್ಕೆ 1 ಕಿಲೋಬೈಟ್. ಹತ್ತು ಮಾತುಗಳಿಗೆ 10 ಕಿಲೋಬೈಟ್, ಲಭ್ಯವಿರುವ 32ರಲ್ಲಿ ಇದು ಹೊರೆಯಲ್ಲ. ಕಪ್ಪು ಹಿನ್ನೆಲೆಯಲ್ಲಿ ಒತ್ತು, ದೀರ್ಘ ಎಲ್ಲವೂ ಸರಿಯಾಗಿ ಮೂಡಿದಾಗ ಆಯಿ ತಾನಾಗಿಯೇ ಗಟ್ಟಿಯಾಗಿ ಓದಿದಳು. ಆ ಒಂದು ಗಳಿಗೆಗೇ ನನ್ನ ಆಯ್ಕೆ ನಿರ್ಧಾರವಾಯಿತು.

ಕೊರತೆಗಳೂ ಇವೆ. ಬಿಸಿಲಿಗೆ ಅದು ಮಂಕಾಗುತ್ತದೆ. ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅಚ್ಚು ಉಳಿಯುವುದರಿಂದ, ಎರಡು ನಿಮಿಷಕ್ಕೆ ಪರದೆ ಆರುವಂತೆ ಮಾಡಿ, ಯಾವುದೇ ಗುಂಡಿ ಮುಟ್ಟಿದರೆ ಮತ್ತೆ ಬೆಳಗುವಂತೆ ಬರೆದಿದ್ದೇನೆ. ಗಾತ್ರ ಚಿಕ್ಕದೆನಿಸಿದ್ದರಿಂದ ಕೊನೆಗೆ 1.3 ಇಂಚಿನದನ್ನು ಹಾಕಿದೆ. ಅದರಲ್ಲಿದ್ದ ಚಿಪ್ ಎಸ್‌ಎಚ್1106. ಚಿಕ್ಕ ಪರದೆಯ ಚಿಪ್ಪಾದ ಎಸ್‌ಎಸ್‌ಡಿ1306ರ ಕೋಡನ್ನೇ ಓಡಿಸಿದರೆ ಚಿತ್ರ ಎರಡು ಚುಕ್ಕೆ ಪಕ್ಕಕ್ಕೆ ಸರಿಯುತ್ತದೆ, ಆದ್ದರಿಂದ ಲೈಬ್ರರಿಯನ್ನೂ ಬದಲಿಸಬೇಕು.

ಎಲ್‌ಸಿಡಿಯನ್ನು ಅಡಿಕೆ ಚೀಲಗಳ ತೂಕ ದಾಖಲಿಸುವ ಇನ್ನೊಂದು ಕೀಪ್ಯಾಡಿಗೆ ಕೊಟ್ಟಿದ್ದೇನೆ. ಅಲ್ಲಿ ಬೇಕಿರುವುದು ಅಂಕಿ ಮಾತ್ರ.